ಕುದುರೆ ಮೇಯಿಸುತ್ತ ಒಂದು ಮಧ್ಯಾಹ್ನ

ಜೀನು ಬಿಗಿಯುವುದು, ಲಗಾಮು ಹಿಡಿಯುವುದು, ಟ್ರಾಟ್‌ನಲ್ಲಿ ಎಂದರೆ ಕುಲುಕು ಓಟದಲ್ಲಿ ಕುದುರೆಯ ತಾಳಕ್ಕೆ ಸರಿಯಾಗಿ ಏಳುವುದು ಕೂರುವುದು, ಇವನ್ನೆಲ್ಲ ಸವಾರಿ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಬರಿಬೆನ್ನಿನ ಕುದುರೆಯನ್ನು ಹಗ್ಗದಲ್ಲಿ ಹಿಡಿದು ಎರಡು ಗಂಟೆ ಹುಲ್ಲಿನ ಮೇಲೆ ಸುಮ್ಮನೆ ನಿಲ್ಲುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಅದರಲ್ಲಿ ಕಲಿಯುವುದೇನಿದೆ ಅನ್ನಿಸುವುದು ಸಹಜ. ಆದರೆ ಹಗ್ಗ ಜಾರಿ ಅಂಗೈ ಸುಡುವುದು, ಕಾಲ್ಬೆರಳು ಜಜ್ಜಿಹೋಗುವುದು, ಕುದುರೆ ಕೈತಪ್ಪಿ ರಸ್ತೆಗೆ ಓಡುವುದು ಇಂಥ ‘ಸುಮ್ಮನೆ’ ಹೊತ್ತಿನಲ್ಲೇ.

ಬೆಂಗಳೂರು, ಮೈಸೂರು ಸುತ್ತಲಿನ ಸವಾರಿ ಶಾಲೆಗಳಲ್ಲಿ ರೇಸ್ ಬಿಟ್ಟು ಬಂದ ಥರೋಬ್ರೆಡ್ ಎಂಬ ಓಟದ ತಳಿಯ ಕುದುರೆಗಳು ಸಾಕಷ್ಟಿವೆ. ಇಲ್ಲಿ ಹೇಳುವುದು ಅವನ್ನೇ ಮನಸ್ಸಿನಲ್ಲಿಟ್ಟುಕೊಂಡು. ಎರಡು ವರ್ಷ ತುಂಬುವ ಹೊತ್ತಿಗೇ ಓಟಕ್ಕೆ ಪಳಗಿದ ಪ್ರಾಣಿ ಅದು. ಬೆಳಗ್ಗೆ ಒಂದಷ್ಟು ಕೆಲಸ, ಉಳಿದಂತೆ ಲಾಯದ ನಾಲ್ಕು ಗೋಡೆ. ಬಾಗಿಲ ಚಿಲಕ ಸದ್ದಾದರೆ ಯಾರೋ ಏನೋ ಮಾಡಿಸಿಕೊಳ್ಳಲು ಬಂದರು ಎಂದೇ ಅದರ ಲೆಕ್ಕ. ಹೊಟ್ಟೆಯ ಲೆಕ್ಕ ಬೇರೆ ಇದೆ. ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ ಹದಿನೈದು ಹದಿನಾರು ಗಂಟೆ ಮೇಯುತ್ತದೆ, ಅದರ ಜಠರದಲ್ಲಿ ಆಮ್ಲ ಹಗಲು ರಾತ್ರಿ ಒಸರುತ್ತಲೇ ಇರುತ್ತದೆ. ಹೊಟ್ಟೆ ಗಂಟೆಗಟ್ಟಲೆ ಖಾಲಿ ಉಳಿದರೆ ಹುಣ್ಣಾಗುತ್ತದೆ, ರೇಸ್ ಕುದುರೆಗಳಲ್ಲಿ ಅದು ತೀರ ಸಾಮಾನ್ಯ. ತಲೆ ತಗ್ಗಿಸಿ ನಿಧಾನಕ್ಕೆ ಮೇಯುವ ಎರಡು ಗಂಟೆ ಆ ಹೊಟ್ಟೆಗೂ ಬೇಕು, ತಲೆಗೂ ಬೇಕು. ಅಷ್ಟು ಹೊತ್ತು ಅದರಿಂದ ಏನನ್ನೂ ಕೇಳದೆ ಇರಬೇಕೆಂದರೆ ಕೇಳಬೇಕಾದ್ದನ್ನೆಲ್ಲ ಮೊದಲೇ ಮುಗಿಸಿಕೊಂಡಿರಬೇಕು.

ಮೊದಲು ಸೈಸ್‌ನನ್ನು ಕೇಳಿ

ಕುದುರೆಯ ಮಾಲೀಕರ ಅಥವಾ ಶಾಲೆಯವರ ಒಪ್ಪಿಗೆ ಬೇಕೇ ಬೇಕು, ಅದಿರಲಿ. ವಿಷಯ ತಿಳಿಯುವುದು ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ನಿಂದ. ದಿನಾ ಲದ್ದಿ ಬಾಚುವವನಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಕೇಳಬೇಕಾದ್ದು ನಾಲ್ಕೇ. “ಅಣ್ಣಾ, ಇವನು ಯಾವುದಕ್ಕೆ ಬೆದರ್ತಾನೆ? ಹಸಿ ಹುಲ್ಲು ಅಭ್ಯಾಸ ಇದೆಯಾ? ಇವತ್ತು ಹುರುಳಿ, ಬೂಸಾ ಯಾವಾಗ ಹಾಕಿದ್ರಿ? ಯಾವ ಕುದುರೆ ಕಣ್ಮರೆಯಾದ್ರೆ ಕಿರುಚ್ತಾನೆ?” ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಕುದುರೆ ಹಿಂಡಿನ ಪ್ರಾಣಿ. ಜೊತೆಗಾರನನ್ನು ಲಾಯದಲ್ಲಿ ಬಿಟ್ಟು ಒಂಟಿಯಾಗಿ ಹೊರಗೆ ಕರೆದೊಯ್ದರೆ ಎಂಥ ಒಳ್ಳೆಯ ಹುಲ್ಲಿದ್ದರೂ ತಲೆ ಎತ್ತಿ ಹೇಷಾರವ ಮಾಡುತ್ತ ಸುತ್ತುತ್ತಿರುತ್ತದೆ. ಮೊದಮೊದಲು ಲಾಯ ಕಾಣುವ ದೂರದಲ್ಲೇ ಇರಿ, ಇಲ್ಲವೇ ಇನ್ನೊಬ್ಬರು ಇನ್ನೊಂದು ಕುದುರೆ ಹಿಡಿದು ಜೊತೆಗೆ ಬರಲಿ.

ಹೊತ್ತಿನ ವಿಚಾರ. ಬಯಲುಸೀಮೆಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ 2:30ಕ್ಕೇ ಹೊರಡಬಹುದು. ಮಾರ್ಚ್‌ನಿಂದ ಮೇವರೆಗೆ 4 ಗಂಟೆಗೆ ಮೊದಲು ಬೇಡ. ಮುಂಗಾರಿನಲ್ಲಿ ಬಿಸಿಲು ನೋಡಿಕೊಳ್ಳಿ, ಆದರೆ ಕತ್ತಲಾಗುವವರೆಗೆ ಉಳಿಯಬೇಡಿ. ಮುಸ್ಸಂಜೆಗೆ ಏಳುವ ಗುಂಗಾಡು ಕಚ್ಚಿದರೆ ಕೆಲವು ಕುದುರೆಗಳು ಜೂಲು, ಬಾಲದ ಬುಡ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತವೆ. ಹಿಂಡಿ-ಕಾಳು ತಿಂದ ಮೇಲೆ ಒಂದು ಗಂಟೆ ಬಿಡುವು ಕೊಡಿ. ಸಂಜೆಯ ಮೇವಿನ ಹೊತ್ತಿಗೆ ಅರ್ಧ ಗಂಟೆ ಮೊದಲೇ ಮರಳುವಂತೆ ಲೆಕ್ಕ ಹಾಕಿ. ದೂರದಲ್ಲಿ ಬಕೆಟ್ ಸದ್ದು ಕೇಳಿದ ಮೇಲೆ ಯಾವ ಕುದುರೆಯೂ ನಿಮ್ಮ ಜೊತೆ ಸಮಾಧಾನವಾಗಿ ನಿಲ್ಲುವುದಿಲ್ಲ.

ಬೇಕಾದ ಸಾಮಾನು

ಅಳತೆಗೆ ಸರಿಯಾದ ಹೆಡ್ ಕಾಲರ್, ಎಂದರೆ ಹಗ್ಗ ಸಿಕ್ಕಿಸಲು ಕುದುರೆಯ ತಲೆಗೆ ಹಾಕುವ ಪಟ್ಟಿ. ಮೂಗಿನ ಪಟ್ಟಿ ಕೆನ್ನೆಯ ಮೂಳೆಯಿಂದ ಎರಡು ಬೆರಳು ಕೆಳಗೆ ಕೂರಬೇಕು, ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ಸಡಿಲ ಹೆಚ್ಚಾದರೆ ಕಿವಿ ಕೆರೆದುಕೊಳ್ಳಲು ಹಿಂಗಾಲು ಎತ್ತಿದ ಕುದುರೆಯ ಗೊರಸು ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಹಗ್ಗ ಹತ್ತಿಯದು, ಹೆಬ್ಬೆರಳು ದಪ್ಪ, 3ರಿಂದ 3.5 ಮೀಟರ್ ಉದ್ದ. ತೆಳು ನೈಲಾನ್ ಹಗ್ಗ ಅಗ್ಗಕ್ಕೆ ಸಿಗುತ್ತದೆ, ಒಂದೇ ಎಳೆತಕ್ಕೆ ಅಂಗೈ ಚರ್ಮ ಸುಲಿಯುತ್ತದೆ. ಕೈಗವಸು ಹಾಕಿ. ಕಾಲಿಗೆ ಗಟ್ಟಿ ಶೂ. ಚಪ್ಪಲಿ ಹಾಕಿಕೊಂಡು ಲಾಯದೊಳಗೇ ಕಾಲಿಡಬೇಡಿ. ಥರೋಬ್ರೆಡ್ ಸುಮಾರು 450ರಿಂದ 500 ಕಿಲೋ ತೂಗುತ್ತದೆ, ಲಾಳ ಹೊಡೆದ ಒಂದು ಗೊರಸು ಬೆರಳ ಮೇಲೆ ಬಿದ್ದರೆ ಸಾಕು. ಇವಲ್ಲದೆ ಗೊರಸು ಕೆರೆಯುವ ಕೊಕ್ಕೆ (ಹೂಫ್ ಪಿಕ್), ಒಂದು ಮೆತ್ತನೆ ಬ್ರಷ್, ಬಕೆಟ್, ನೀರು, ಪಶುವೈದ್ಯರ ನಂಬರ್ ಇರುವ ಫೋನು. ಫೋನು ಸೈಲೆಂಟ್‌ನಲ್ಲಿರಲಿ, ಜೇಬಿನಲ್ಲೇ ಇರಲಿ. ನಿಮಗೆ ಕೂರಲು ಬೇಕೆಂದರೆ ಸಣ್ಣ ಸ್ಟೂಲು. ಅದರ ಮಾತು ಮುಂದೆ ಬರುತ್ತದೆ.

ಜಾಗ ನೋಡಿಬನ್ನಿ, ಕುದುರೆ ಬಿಟ್ಟು

ಇದನ್ನು ಒಬ್ಬರೇ ಮಾಡಬೇಕು, ಕುದುರೆ ಹಿಡಿದುಕೊಂಡು ಅಲ್ಲ. ಮೇಯಿಸುವ ತುಂಡನ್ನು ಉದ್ದಕ್ಕೂ ಅಡ್ಡಕ್ಕೂ ನಡೆದು ನೋಡಿ: ಮುಳ್ಳುತಂತಿ, ಬಾಟಲಿ ಚೂರು, ಪ್ಲಾಸ್ಟಿಕ್ ಹಗ್ಗ, ಮುಚ್ಚದ ಗುಂಡಿ, ಬೀದಿನಾಯಿಗಳ ಬಿಡಾರ. ಆಮೇಲೆ ತಲೆ ಎತ್ತಿ. ನೆರಳಿಗೆಂದು ಆರಿಸಿಕೊಂಡ ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದೆಯೇ? ಕಟ್ಟಿದ್ದರೆ ಆ ಜಾಗವೇ ಬೇಡ. ಜೇನು ಎದ್ದರೆ ಓಡಿ ತಪ್ಪಿಸಿಕೊಳ್ಳಲು ನಿಮಗಾದರೂ ಆದೀತು, ಹಗ್ಗದಲ್ಲಿರುವ ಕುದುರೆಗೆ ಆಗದು.

ಇನ್ನು ಗಿಡಗಳು. ನಮ್ಮ ಕಡೆಯ ಪಟ್ಟಿಯಲ್ಲಿ ಮೊದಲ ಹೆಸರು ಕಣಗಿಲೆ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ, ಬಡಾವಣೆಯ ಬೇಲಿಯಲ್ಲಿ, ದೇವಸ್ಥಾನದ ಹಿತ್ತಲಲ್ಲಿ ಎಲ್ಲೆಲ್ಲೂ ಇದೆ. ಒಂದೆರಡು ಹಿಡಿ ಎಲೆ ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ, ಆದ್ದರಿಂದ ಕತ್ತರಿಸಿ ರಾಶಿ ಹಾಕಿದ ಕಣಗಿಲೆ ನಿಂತ ಗಿಡಕ್ಕಿಂತ ಅಪಾಯ: ಹಸಿಯ ಕಹಿಗೆ ಬಾಯಿ ಹಾಕದ ಪ್ರಾಣಿ ಒಣ ಎಲೆಯನ್ನು ಹುಲ್ಲಿನ ಜೊತೆ ಎಳೆದುಕೊಂಡುಬಿಡುತ್ತದೆ. ಎಕ್ಕ, ಉಮ್ಮತ್ತಿ, ಹರಳು, ಲಂಟಾನ ಇವೂ ವಿಷವೇ. ಸುಬಾಬುಲ್ ದನಕ್ಕೆ ಒಳ್ಳೆಯ ಮೇವೆಂದು ಬೇಲಿಗೆ ಹಾಕಿರುತ್ತಾರೆ. ಕುದುರೆ ಅದನ್ನು ತಿನ್ನುತ್ತ ಬಂದರೆ ಜೂಲು ಬಾಲದ ಕೂದಲು ಉದುರುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಬೆಣ್ಣೆಹಣ್ಣಿನ ಎಲೆಯನ್ನು ದೂರವಿಡಿ. ಎಳೆಜೋಳದ ಹೊಲ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವುಗಳ ಸಯನೈಡ್ ವಿಷದ ಬಗ್ಗೆ ಉತ್ತರ ಕರ್ನಾಟಕದ ರೈತರಿಗೆ ಹೇಳಬೇಕಾಗಿಲ್ಲ. ಕುದುರೆಯನ್ನೂ ಅತ್ತ ಬಿಡಬೇಡಿ. ಔಷಧಿ ಸಿಂಪಡಿಸಿದ ಹೊಲದ ಬದುವೂ ಬೇಡ. ಲಾನ್ ಕತ್ತರಿಸಿದ ಹಸಿ ರಾಶಿಯನ್ನು ‘ಪಾಪ, ತಿನ್ನಲಿ’ ಎಂದು ಹಾಕುವವರಿದ್ದಾರೆ. ಅದು ಬೇಗ ಹುಳಿಯುತ್ತದೆ, ಕುದುರೆಯೂ ಅಗಿಯದೆ ನುಂಗುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದನ್ನು ನೆನಪಿಟ್ಟರೆ ಈ ಎಚ್ಚರಿಕೆಯೆಲ್ಲ ಯಾಕೆಂದು ತಿಳಿಯುತ್ತದೆ.

ಒಳ್ಳೆಯದು ಯಾವುದು? ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆಯನ್ನು ಬರ್ಮುಡಾ ಹುಲ್ಲು ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಕುದುರೆಗೆಂದೇ ಬೆಳೆದು ಒಣಗಿಸಿ ಮಾರುತ್ತಾರೆ. ಗೇಣುದ್ದ ಬೆಳೆದ ದಟ್ಟ ಗರಿಕೆಯ ತುಂಡು ಸಿಕ್ಕರೆ ಬೇರೆ ಜಾಗ ಹುಡುಕಬೇಡಿ. ಹುಲ್ಲು ತೀರ ಗಿಡ್ಡವಾಗಿ ನೆಲ ಮರಳಾಗಿದ್ದರೆ ಬೇಡ. ಬೇರಿನ ಜೊತೆ ಮರಳೂ ಹೊಟ್ಟೆ ಸೇರಿ ಕರುಳಲ್ಲಿ ಕೂರುತ್ತದೆ.

ಹೊರಡುವ ಮುನ್ನ ಐದು ನಿಮಿಷ

ಲಾಯದಲ್ಲಿ ಹೊಸ ಲದ್ದಿ ಬಿದ್ದಿದೆಯೇ, ಉಂಡೆಯಾಗಿದೆಯೇ ನೋಡಿ. ಪಕ್ಕೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ, ನಿಮಿಷಕ್ಕೆ 28ರಿಂದ 44. ಬಾಗಿಲ ಬಳಿ ನಿಂತಾಗಿನ ಈ ಎರಡು ಅಂಕಿ ಗೊತ್ತಿದ್ದರೆ ಬಯಲಲ್ಲಿ ಏನಾದರೂ ಏರುಪೇರಾದಾಗ ಹೋಲಿಸಲು ಆಗುತ್ತದೆ.

ಆಮೇಲೆ ಗೊರಸು. ಎಡ ಮುಂಗಾಲಿನಿಂದ ಶುರು ಮಾಡಿ. ಕುದುರೆಯ ಬಾಲದ ಕಡೆ ಮುಖ ಮಾಡಿ ಭುಜದ ಪಕ್ಕ ನಿಲ್ಲಿ, ಕೈಯನ್ನು ಭುಜದಿಂದ ಕಾಲಿನ ಹಿಂಭಾಗದುದ್ದಕ್ಕೂ ಇಳಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಮೆಲ್ಲಗೆ ಒತ್ತಿ. ಅಭ್ಯಾಸವಿದ್ದ ಕುದುರೆ ತಾನೇ ಕಾಲು ಎತ್ತುತ್ತದೆ. ಗೊರಸಿನ ತಳದಲ್ಲಿ ನಡುವೆ ಬಾಣದ ಮೊನೆಯಂತೆ ಮೆತ್ತನೆಯ ತ್ರಿಕೋನ ಕಾಣುತ್ತದೆ. ಕೊಕ್ಕೆ ಓಡಬೇಕಾದ್ದು ಅದರ ಎರಡೂ ಪಕ್ಕದ ತೋಡಿನಲ್ಲಿ, ಹಿಮ್ಮಡಿಯಿಂದ ತುದಿಯ ಕಡೆಗೆ. ತ್ರಿಕೋನವನ್ನೇ ಕೆರೆಯಬಾರದು. ತೋಡಿನಿಂದ ಕಪ್ಪು ಜಿಗುಟು ಬಂದು ಕೊಳೆತ ನಾತ ಹೊಡೆದರೆ ಗೊರಸು ಕೊಳೆಯುತ್ತಿದೆ ಎಂದರ್ಥ. ಒದ್ದೆ ಹಾಸಿನ ಮೇಲೆ ನಿಂತ ಕುದುರೆಗಳಿಗೆ ಮಳೆಗಾಲದಲ್ಲಿ ಬರುವ ಕಾಯಿಲೆ ಇದು. ಸೈಸ್‌ಗೆ ತೋರಿಸಿ. ಕಾಲನ್ನು ಧೊಪ್ಪನೆ ಬಿಡದೆ ನೆಲಕ್ಕೆ ತಂದು ಇಡಿ. ಹೀಗೆ ನಾಲ್ಕೂ ಕಾಲು. ಲಾಳ ಅಲುಗಾಡುತ್ತಿದ್ದರೆ, ಒಂದು ಗೊರಸು ಮಾತ್ರ ಉಳಿದ ಮೂರಕ್ಕಿಂತ ಬಿಸಿ ಎನಿಸಿದರೆ ಇವತ್ತು ಹೊರಡಬೇಡಿ.

ನಡೆಸುವುದು, ಮೇಯಿಸುವುದು

ಕುದುರೆಯ ಎಡಭುಜದ ಪಕ್ಕ ನಡೆಯಿರಿ. ಅದರ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದೆ. ಈ ಎರಡೂ ಕಡೆ ನಿಲ್ಲಬೇಡಿ. ಬಲಗೈ, ಹೆಡ್ ಕಾಲರಿಗೆ ಹಗ್ಗ ಸಿಕ್ಕಿಸಿದ ಕೊಂಡಿಯಿಂದ ಒಂದಡಿ ಕೆಳಗೆ ಹಗ್ಗ ಹಿಡಿಯಲಿ, ಉಳಿದ ಹಗ್ಗ ಎಡಗೈಯಲ್ಲಿ ಮಡಿಕೆ ಮಡಿಕೆಯಾಗಿ ಇರಲಿ. ಮಡಿಕೆಯಾಗಿ, ಸುತ್ತಾಗಿ ಅಲ್ಲ. ಅಂಗೈಗೆ ಸುತ್ತಿದ ಹಗ್ಗ ಕುದುರೆ ಎಗರಿದ ಕ್ಷಣಕ್ಕೆ ಬಿಗಿದು ಬೆರಳು ಮುರಿಯುತ್ತದೆ, ಇಲ್ಲವೇ ನಿಮ್ಮನ್ನು ಎಳೆದೊಯ್ಯುತ್ತದೆ. ಸೊಂಟಕ್ಕೆ ಕಟ್ಟಿಕೊಂಡು ಫೋನು ನೋಡುತ್ತ ನಿಲ್ಲುವವರನ್ನು ಕಂಡರೆ ಹೇಳಿ ಬಿಡಿಸಿ.

ದಾರಿಯಲ್ಲಿ ಹುಲ್ಲು ಕಂಡಲ್ಲೆಲ್ಲ ತಲೆ ತಗ್ಗಿಸಲು ಬಿಡಬಾರದು. ಬಿಟ್ಟರೆ ಹಿಂದಿರುಗುವಾಗ ಹತ್ತು ಹೆಜ್ಜೆಗೊಮ್ಮೆ ಜಗ್ಗಾಟ. ಜಾಗ ತಲುಪಿದ ಮೇಲೆ ನಿಲ್ಲಿಸಿ, ಒಂದೆರಡು ಉಸಿರಿನಷ್ಟು ಕಾದು, ಆಮೇಲೆ ‘ಹ್ಞೂಂ, ತಿನ್ನು’ ಎಂದು ಕೈಯನ್ನು ನೆಲದತ್ತ ಇಳಿಸಿ ಹಗ್ಗ ಸಡಿಲಿಸಿ. ಪ್ರತಿಸಲ ಅದೇ ಮಾತು. ನಾಲ್ಕಾರು ದಿನಕ್ಕೆ ಕುದುರೆ ಆ ಮಾತಿಗೆ ಕಾಯುವುದನ್ನು ಕಲಿಯುತ್ತದೆ.

ಮೇಯುವಾಗ ಹಗ್ಗ ಎಷ್ಟು ಸಡಿಲ ಇರಬೇಕು ಎಂಬುದೇ ಈ ಕೆಲಸದ ಕಸುಬು. ಬಿಗಿಯಾದರೆ ಮೂಗು ಜಗ್ಗಿ ಕುದುರೆಗೆ ಕಿರಿಕಿರಿ. ಹೆಚ್ಚು ಜೋತುಬಿದ್ದರೆ ಮುಂಗಾಲು ಅದರ ಮೇಲೆ ಬೀಳುತ್ತದೆ. ಬಿದ್ದಾಗ ಏನಾಗುತ್ತದೆ ನೋಡಿ: ಕುದುರೆ ತಲೆ ಎತ್ತಲು ಹೋಗುತ್ತದೆ, ತನ್ನ ಕಾಲೇ ಹಗ್ಗವನ್ನು ಒತ್ತಿಹಿಡಿದಿರುವುದು ಅದಕ್ಕೆ ತಿಳಿಯುವುದಿಲ್ಲ, ಯಾರೋ ತಲೆ ಹಿಡಿದರು ಎಂದು ಗಾಬರಿಯಾಗಿ ಹಿಂದಕ್ಕೆ ಜಗ್ಗುತ್ತದೆ, ಕೊಂಡಿ ಕಿತ್ತುಹೋಗುತ್ತದೆ ಇಲ್ಲವೇ ಕತ್ತು ಉಳುಕುತ್ತದೆ. ಆಗ ನೀವೂ ಎಳೆಯಬೇಡಿ. ಭುಜಕ್ಕೆ ಕೈ ಒತ್ತಿ ಭಾರವನ್ನು ಇನ್ನೊಂದು ಕಾಲಿಗೆ ದಾಟಿಸಿ, ಹಗ್ಗ ತಾನೇ ಬಿಡುತ್ತದೆ. ಹಗ್ಗದ ನಡು ನೆಲಕ್ಕೆ ತಾಗದಂತೆ, ನಗುವ ತುಟಿಯಷ್ಟೇ ಬಾಗಿರುವಂತೆ ಹಿಡಿದರೆ ಇದೇನೂ ಬರುವುದಿಲ್ಲ. ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ನೀವೂ ಒಂದು ಹೆಜ್ಜೆ.

ಹಸಿ ಹುಲ್ಲು ರೂಢಿಯಿಲ್ಲದ ಕುದುರೆಗೆ ಮೊದಲ ದಿನ 15 ನಿಮಿಷ ಸಾಕು, ದಿನಕ್ಕೆ ಐದೈದು ನಿಮಿಷ ಏರಿಸಿ. ಹೊರಡುವ ಮೊದಲು ಒಂದಿಷ್ಟು ಒಣಹುಲ್ಲು ಹಾಕಿದ್ದರೆ ಹಸಿದು ಮುಗಿಬೀಳುವುದಿಲ್ಲ. ಮಳೆ ಬಿದ್ದ ಹೊಸದರಲ್ಲಿ ಚಿಗುರು ಹುಲ್ಲನ್ನು ಒಮ್ಮೆಲೇ ಹೊಟ್ಟೆ ತುಂಬ ತಿಂದ ಕುದುರೆಗೆ ಕರುಳು ಕೆಡುತ್ತದೆ. ಮೈ ತುಂಬಿಕೊಂಡ ಕುದುರೆಗೆ ಗೊರಸಿನೊಳಗೆ ಉರಿಯೂತವೂ ಆಗಬಹುದು. ಹಾಗಾದರೆ ಕಾಲು ಊರಲಾರದೆ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ರೂಢಿಯಾಗುವವರೆಗೆ ಉಳಿದ ಹೊತ್ತನ್ನು ಹುಲ್ಲಿಲ್ಲದ ನೆರಳಲ್ಲಿ ಬ್ರಷ್ ಮಾಡುತ್ತ ಕಳೆಯಿರಿ.

ತಲೆ ಎತ್ತಿಸುವುದಕ್ಕೂ ಒಂದು ಬಗೆ ಇದೆ. ತೋಳಬಲದಿಂದ ನೇರ ಮೇಲಕ್ಕೆ ಎಳೆದರೆ ಕತ್ತಿನ ಬಲದ ಮುಂದೆ ನೀವು ಸೋಲುತ್ತೀರಿ. ಭುಜದಿಂದ ಪಕ್ಕಕ್ಕೆ ಓರೆಯಾಗಿ ನಡೆಯಿರಿ, ಹಗ್ಗ ಬಿಗಿದಾಗ ನಿಲ್ಲದೆ ಇನ್ನೊಂದು ಹೆಜ್ಜೆ ಹಾಕಿ. ಪಕ್ಕಕ್ಕೆ ತಿರುಗಿದ ಕತ್ತು ತಾನಾಗಿ ಏಳುತ್ತದೆ. ಎದ್ದ ಕ್ಷಣ ಹಗ್ಗ ಸಡಿಲಿಸಿ.

ಸುಮ್ಮನಿರುವ ಭಾಗ

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಡಿ. ಕುದುರೆ ಬೆದರಿದಾಗ ಏಳಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಬೇಲಿ ಇರುವ ಪ್ಯಾಡಕ್‌ನಲ್ಲಿ ಕುದುರೆಯನ್ನು ಬಿಟ್ಟಿದ್ದರೆ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ, ಬೇಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಿರಿ. ಕರೆಯಬೇಡಿ, ಕ್ಯಾರೆಟ್ ತೋರಿಸಬೇಡಿ. ಬಂದರೆ ಬರಲಿ. ಬಂದು ಮೂಸುವಾಗ ಎದ್ದು ನಿಲ್ಲಿ, ಕೈಯ ಹಿಂಬದಿಯನ್ನು ಮೂಗಿಗೆ ಕೊಡಿ. ಹಗ್ಗದಲ್ಲಿ ಹಿಡಿದಿದ್ದರೆ ಕೂರುವ ಮಾತೇ ಇಲ್ಲ, ನಿಂತಿರಬೇಕು.

ಮುಖ, ಹಣೆ ಸವರುವುದು ಜನಕ್ಕೆ ಇಷ್ಟ, ಬಹಳ ಕುದುರೆಗಳಿಗೆ ಅಲ್ಲ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬಿದೆ. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ, ಅಲ್ಲಿ ಕೆರೆದರೆ ಹೃದಯದ ಬಡಿತ ಇಳಿಯುವುದನ್ನು ಅಳೆದು ನೋಡಿದ್ದಾರೆ. ಬೆರಳ ತುದಿಗಳಿಂದ ಸ್ವಲ್ಪ ಒತ್ತಿ, ನಿಧಾನಕ್ಕೆ ಸುತ್ತು ಸುತ್ತಾಗಿ ಕೆರೆಯಿರಿ. ಹದ ಸಿಕ್ಕರೆ ಮೇಲ್ತುಟಿ ಮುಂದಕ್ಕೆ ಚಾಚಿ ಅಲುಗಾಡತೊಡಗುತ್ತದೆ, ಕತ್ತು ಓರೆಯಾಗುತ್ತದೆ. ಕೆಲವು ಕುದುರೆ ಋಣ ತೀರಿಸುವಂತೆ ನಿಮ್ಮ ಭುಜವನ್ನು ಹಲ್ಲಿನಿಂದ ಕೆರೆಯಲು ಬರುತ್ತವೆ. ಬೈಯಬೇಡಿ, ಹೊಡೆಯಬೇಡಿ, ಮೂತಿಯನ್ನು ಮೆಲ್ಲಗೆ ಆಚೆ ತಿರುಗಿಸಿ. ಅದರ ಚರ್ಮಕ್ಕೆ ಹಿತವಾದ ಬಿಗಿ ನಿಮ್ಮ ಚರ್ಮಕ್ಕೆ ಗಾಯ.

ಕೆಳತುಟಿ ಜೋತುಬಿತ್ತು, ಕಿವಿಗಳು ಎರಡು ಬದಿಗೆ ಸಡಿಲವಾದವು, ಒಂದು ಹಿಂಗಾಲಿನ ಗೊರಸು ತುದಿಯ ಮೇಲೆ ನಿಂತಿತು ಅಂದರೆ ತೂಕಡಿಸುತ್ತಿದೆ. ಕುದುರೆ ನಿಂತೇ ತೂಕಡಿಸಬಲ್ಲದು. ಆಗ ಹಿಂದಿನಿಂದ ಹೋಗಿ ಮುಟ್ಟಬೇಡಿ, ಮೊದಲು ಹೆಸರು ಹಿಡಿದು ಮಾತಾಡಿಸಿ. ರೇಸ್ ಬಿಟ್ಟ ಕುದುರೆ ಮೊದಲ ಮೂರ್ನಾಲ್ಕು ಸಲ ಇಲ್ಲಿಗೆ ಬರದೆಯೂ ಇರಬಹುದು. ಒಂದು ಕಚ್ಚು ಹುಲ್ಲು, ತಲೆ ಮೇಲೆ, ಮತ್ತೆ ಒಂದು ಕಚ್ಚು, ಹೀಗೇ ಎರಡು ಗಂಟೆ ಕಳೆಯಬಹುದು. ಅದೂ ಸರಿಯೇ.

ಕೆಡುವುದು ಹೀಗೆ

ತಲೆ ಸರಕ್ಕನೆ ಮೇಲೆ, ಎರಡೂ ಕಿವಿ ಒಂದೇ ಕಡೆ, ಬಾಯಲ್ಲಿನ ಹುಲ್ಲು ಅಗಿಯದೆ ನಿಂತಿದೆ. ಬೆದರುವ ಮುನ್ನಿನ ಕ್ಷಣ ಇದು. ಪ್ಲಾಸ್ಟಿಕ್ ಚೀಲ, ಬುಲೆಟ್ ಬೈಕು, ಪಟಾಕಿ, ಏನೂ ಕಾರಣವಾಗಬಹುದು. ಹಗ್ಗವನ್ನು ಗಿಡ್ಡ ಹಿಡಿದರೆ ಗಾಬರಿ ಹೆಚ್ಚುತ್ತದೆ. ಒಂದೂವರೆ ಮೀಟರ್ ಬಿಟ್ಟು, ಭುಜದ ಪಕ್ಕದಲ್ಲೇ ಉಳಿದು, ನಿಮ್ಮ ಸುತ್ತ ಒಂದು ಸುತ್ತು ಬರಿಸಿ. ಹಿಡಿತ ಮೀರಿ ಓಡಿತು ಅಂದರೆ ಹಗ್ಗ ಬಿಟ್ಟುಬಿಡಿ. ಬೆನ್ನಟ್ಟಬೇಡಿ, ಗೇಟು ಹಾಕಿಸಿ, ಬಕೆಟ್‌ನಲ್ಲಿ ಹುರುಳಿ ಅಲ್ಲಾಡಿಸಿ. ಹೆಚ್ಚಿನವು ಜೊತೆಗಾರ ಇರುವ ಲಾಯಕ್ಕೇ ಓಡುತ್ತವೆ.

ಹೊರಳಾಟ ಇನ್ನೊಂದು. ನೆಲ ಮೂಸಿ, ಕಾಲಿನಿಂದ ಕೆದರಿ, ಸುತ್ತು ಹಾಕಿ, ಮಂಡಿ ಮಡಿಸಿತೆಂದರೆ ಮಣ್ಣಲ್ಲಿ ಹೊರಳಲಿದೆ. ಹಗ್ಗ ಉದ್ದ ಬಿಟ್ಟು ಕಾಲುಗಳಿಂದ ದೂರ ಸರಿಯಿರಿ. ಎದ್ದ ಮೇಲೆ ನಾಯಿಯಂತೆ ಮೈ ಕೊಡವಿ ಮತ್ತೆ ಮೇಯತೊಡಗಿದರೆ ಅದು ಸುಖದ ಹೊರಳು. ಮೈ ಕೊಡವದೆ ಎದ್ದು, ಮತ್ತೆ ಬಿದ್ದು, ಪಕ್ಕೆಯನ್ನು ತಿರುಗಿ ತಿರುಗಿ ನೋಡುತ್ತ, ಹೊಟ್ಟೆಗೆ ತಾನೇ ಒದೆಯುತ್ತ, ಬೆವರುತ್ತಿದ್ದರೆ ಕೋಲಿಕ್, ಅಂದರೆ ಹೊಟ್ಟೆಶೂಲೆ. ಹುಲ್ಲಿನಿಂದ ಈಚೆ ತನ್ನಿ, ಬಾಯಿಗೆ ಏನೂ ಕೊಡಬೇಡಿ, ಉಪ್ಪುನೀರು ಓಮದ ಕಷಾಯ ಯಾವುದೂ ಬೇಡ. ನಾಡಿ ಎಣಿಸಿ ಪಶುವೈದ್ಯರಿಗೆ ಫೋನಿನಲ್ಲಿ ಆ ಅಂಕಿಯನ್ನೇ ಮೊದಲು ಹೇಳಿ.

ಮೂರನೆಯದು ಸೆಕೆ. ಮೂಗಿನ ಹೊಳ್ಳೆ ಅಗಲಿಸಿ ಏದುಸಿರು ಬಿಡುತ್ತಿದ್ದರೆ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಇರಿ. ಕುದುರೆಗೆ ಬೆವರೇ ಬಾರದ ತೊಂದರೆಯೂ ಉಂಟು, ಕರಾವಳಿಯಂಥ ಸೆಕೆಯ ಊರುಗಳಲ್ಲಿ ಹೆಚ್ಚು. ಬಿಸಿಲಲ್ಲಿ ಉಳಿದವು ತೊಯ್ದು ಹೋಗಿದ್ದಾಗ ಒಂದರ ಮೈ ಮಾತ್ರ ಒಣಗಿ ಕಾದಿದ್ದರೆ ಅದನ್ನು ನೆಮ್ಮದಿಯ ಗುರುತೆಂದು ತಿಳಿಯಬೇಡಿ.

ನೀರು, ತಿನಿಸು, ಮರಳುವುದು

ದಿನಕ್ಕೆ 25ರಿಂದ 50 ಲೀಟರ್ ನೀರು ಕುಡಿಯುವ ಪ್ರಾಣಿ. ಮೇಯುವ ಎರಡು ಗಂಟೆ ಹೊತ್ತಿಗೆ ಒಂದು ಬಕೆಟ್ ಮುಂದಿಟ್ಟಿರಿ, ಕುಡಿಯಲೇಬೇಕೆಂದೇನಿಲ್ಲ. ಕ್ಯಾರೆಟ್ ಕೊಡುವುದಾದರೆ ಎರಡು, ಉದ್ದಕ್ಕೆ ಸೀಳಿ. ದುಂಡು ಬಿಲ್ಲೆಗಳು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬೆಲ್ಲ ಅಡಿಕೆಯಷ್ಟು. ಬ್ರೆಡ್ಡು, ಅನ್ನ, ಲಡ್ಡು ಬೇಡ. ಏನೇ ಕೊಟ್ಟರೂ ಬಕೆಟ್‌ನಲ್ಲಿ ಹಾಕಿ ಕೊಡಿ. ಕೈಯಿಂದ ತಿಂದ ಕುದುರೆ ನಾಳೆ ಜೇಬು ಕಚ್ಚುತ್ತದೆ.

ಮರಳುವಾಗ ಲಾಯದ ದಿಕ್ಕಿಗೆ ಕುದುರೆಯ ಹೆಜ್ಜೆ ಚುರುಕಾಗುತ್ತದೆ. ನಿಮ್ಮನ್ನು ದಾಟಿ ಮುಂದಾದರೆ ಎಳೆಯದೆ ಒಂದು ಸುತ್ತು ತಿರುಗಿಸಿ ಮತ್ತೆ ನಡೆಯಿರಿ, ಬೇಕಾದರೆ ಐದು ಸಲ. ಬಾಗಿಲಲ್ಲಿ ಸೊಂಟದ ಮೂಳೆ ತಗಲದಂತೆ ನೇರವಾಗಿ ಒಳಗೆ ನಡೆಸಿ, ಕುದುರೆಯ ಮುಖ ಬಾಗಿಲ ಕಡೆಗೆ ಬರುವಂತೆ ಪೂರ್ತಿ ತಿರುಗಿಸಿ. ನೀವು ಬಾಗಿಲ ಪಕ್ಕ ನಿಂತ ಮೇಲೆಯೇ ಹೆಡ್ ಕಾಲರ್ ಕಳಚಿ. ತಿರುಗಿಸದೆ ಕಳಚಿದರೆ ಮೇವಿನ ತೊಟ್ಟಿಯ ಕಡೆ ಎಗರುವ ಕುದುರೆಯ ಹಿಂಗಾಲು ನಿಮ್ಮ ಕಡೆಗಿರುತ್ತದೆ. ಕಿವಿಯೊಳಗೆ, ಬಾಲದಡಿಯಲ್ಲಿ ಉಣ್ಣಿ ಹತ್ತಿದೆಯೇ ನೋಡಿ, ಗೊರಸು ಮತ್ತೊಮ್ಮೆ ಕೆರೆಯಿರಿ. ಎಷ್ಟು ಹೊತ್ತು ಮೇಯಿತು, ಎಷ್ಟು ಸಲ ಲದ್ದಿ ಹಾಕಿತು ಎಂದು ಸೈಸ್‌ಗೆ ಹೇಳಿ ಹೋಗಿ. ರಾತ್ರಿಯ ಹುರುಳಿ ಎಷ್ಟು ಹಾಕಬೇಕೆಂದು ಅವನು ತೀರ್ಮಾನಿಸುವುದು ಅದರ ಮೇಲೆ.